ಕೆಳಗಿನ ಮೂರು ಪಾವಟಿಗೆ

ಹೊಳೆಮಠದ ಕಡೆ ಒಂದು ಮಾತಿದೆ. ಕೆಟ್ಟವರು ಬಂದರೆ ಬಾಗಿಲು ಹಾಕಿಕೊಳ್ಳಬಹುದು, ಒಳ್ಳೆಯವರು ಬಂದರೆ ಏನು ಮಾಡೋದು? ಯಾಕೆ ಹಂಗಂತೀರಿ ಅಂತ ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ ಈ ಕಥೆ ಹೇಳುತ್ತಾರೆ.

ಪಟ್ಟಣದ ಕಾಲೇಜಿನಿಂದ ಇಪ್ಪತ್ತೆರಡು ಹುಡುಗ ಹುಡುಗಿಯರು ಏಳು ದಿನದ ಸೇವಾ ಶಿಬಿರಕ್ಕೆಂದು ಮಠಕ್ಕೆ ಬಂದರು. ಅವರ ಮುಂದಾಳು ದಾಕ್ಷಾಯಣಿ. ಜಾಣೆ, ಚುರುಕು, ಕೂತಲ್ಲಿ ಕೂರುವ ಜೀವ ಅಲ್ಲ. ಯಾರದಾದರೂ ಕಷ್ಟ ಕಂಡರೆ ಸಾಕು, ಕೈ ತಾನೇ ಮುಂದೆ ಹೋಗುತ್ತಿತ್ತು.

ಮಠದ ಹಿರಿಯರಿಗೆ ಎಲ್ಲರೂ ಅಜ್ಜಾರು ಅನ್ನುತ್ತಾರೆ. ಅವರು ಕಟ್ಟೆಯ ಮೇಲೆ ಕೂತಿದ್ದರು.

"ಏನು ಮಾಡಾಕ ಬಂದೀರವ್ವ?"

"ಸೇವಾ ಮಾಡಾಕ ಬಂದೀವ್ರಿ ಅಜ್ಜಾರ."

"ಯಾರದು?"

ದಾಕ್ಷಾಯಣಿ ತಡವರಿಸಿದಳು. "ಇಲ್ಲಿ ಜನರದು."

"ಅವರಿಗೆ ಹೇಳೀರೇನು?"

ಹುಡುಗರು ಗೊಳ್ಳೆಂದು ನಕ್ಕರು. ಅಜ್ಜಾರು ಚೇಷ್ಟೆಯ ಮನುಷ್ಯ ಅಂದುಕೊಂಡರು.

ಮಠದಿಂದ ಹೊಳೆಗೆ ಇಳಿಯಲು ಮೂವತ್ತೆರಡು ಕಲ್ಲಿನ ಪಾವಟಿಗೆ, ಅಂದರೆ ಮೆಟ್ಟಿಲು. ಆ ಸಂಜೆ ದಾಕ್ಷಾಯಣಿ ಅಲ್ಲಿ ಫಕೀರವ್ವನನ್ನು ಕಂಡಳು. ಎಪ್ಪತ್ತು ದಾಟಿದ ಮುದುಕಿ. ಬಾಗಿದ ನಡು, ಕೈಯಲ್ಲಿ ಮೋಟು ಕಸಬರಿಗೆ. ಒಂದೊಂದೇ ಪಾವಟಿಗೆ ಗುಡಿಸುತ್ತ ಕೆಳಗಿಳಿಯುತ್ತಿದ್ದಳು. ಒಂದಕ್ಕೆ ಇಷ್ಟು ಹೊತ್ತು. ನಡುನಡುವೆ ಕೂತು ದಣಿವಾರಿಸಿಕೊಳ್ಳುವಳು.

ಕೆಳಗಿನ ಮೂರು ಪಾವಟಿಗೆಯ ಮೇಲೆ ಉಸುಕು ಹಾಗೇ ಬಿದ್ದಿತ್ತು. ಪಾಪ, ಅಲ್ಲಿಗೆ ಬರೋದ್ರೊಳಗೆ ಸಾಕಾಗಿರುತ್ತದೆ, ಕಣ್ಣೂ ಮಂಜಿರಬೇಕು ಅಂದುಕೊಂಡಳು ದಾಕ್ಷಾಯಣಿ.

ಅದೇ ಹೊತ್ತಿಗೆ ಅಜ್ಜಾರು ತಾಮ್ರದ ಕೊಡ ಹೆಗಲ ಮೇಲಿಟ್ಟುಕೊಂಡು ಹೊಳೆಯಿಂದ ಮೇಲೆ ಬಂದರು. ಮಠದ ಬೋರಿನ ನೀರು ಸವಳು, ಅದರಲ್ಲಿ ಬೇಳೆ ಬೇಯುವುದಿಲ್ಲ. ದಾಸೋಹದ ಅಡಿಗೆಗೆ ದಿನಾ ಹೊತ್ತಿಗೊಂದು ಕೊಡ ಹೊಳೆ ನೀರು.

ದಾಕ್ಷಾಯಣಿಯ ಪಕ್ಕ ಕೂತಿದ್ದ ಒಬ್ಬ ಹುಡುಗ ಕೊಡ ಹಿಡಿಯಲು ಎದ್ದ. ದಾಕ್ಷಾಯಣಿ ಅವನ ಅಂಗಿ ಜಗ್ಗಿದಳು.

"ಸುಮ್ನಿರೋ. ಅದು ಅವರ ವ್ರತ ಇರಬೇಕು."

ಹುಡುಗ ಕೂತ. ಅಜ್ಜಾರು ದಾಟಿ ಹೋದರು.

ಮರುದಿನ ಬೆಳಗು ಹರಿಯುವ ಮೊದಲೇ ಇಪ್ಪತ್ತೆರಡು ಜನ ಬಕೀಟು, ತೆಂಗಿನ ನಾರು ಹಿಡಿದು ಪಾವಟಿಗೆಗೆ ಇಳಿದರು. ತಿಕ್ಕಿದ್ದೇ ತಿಕ್ಕಿದ್ದು, ತೊಳೆದದ್ದೇ ತೊಳೆದದ್ದು. ಕೆಳಗಿನ ಮೂರು ಪಾವಟಿಗೆಯ ಉಸುಕನ್ನಂತೂ ದಾಕ್ಷಾಯಣಿ ತಾನೇ ಬಳಿದು ಹೊಳೆಗೆ ಚೆಲ್ಲಿದಳು. ಒಂದು ತಾಸಿನಲ್ಲಿ ಕಲ್ಲೆಲ್ಲ ಫಳಫಳ.

ಫಕೀರವ್ವ ಕಸಬರಿಗೆ ಹಿಡಿದು ಬಂದಳು. ಮೇಲಿನ ಪಾವಟಿಗೆಯ ಮೇಲೆ ನಿಂತು ನೋಡಿದಳು.

ದಾಕ್ಷಾಯಣಿ ಓಡಿ ಹೋಗಿ ಅವಳ ಕೈ ಹಿಡಿದಳು. "ಆಯಿ, ಇನ್ನ ನಾವು ಇರೂತನಕ ನೀ ಕಸಬರಿಗಿ ಮುಟ್ಟಬ್ಯಾಡ. ಆರಾಮ ಕೂಡು. ಎಲ್ಲಾ ನಾವ ಮಾಡ್ತೀವಿ."

ಹುಡುಗರು ಚಪ್ಪಾಳೆ ತಟ್ಟಿದರು. ಯಾರೋ ಫೋಟೋ ತೆಗೆದರು.

ಫಕೀರವ್ವ ಮೆಲ್ಲಗೆ ಕೈ ಬಿಡಿಸಿಕೊಂಡಳು. ಕಸಬರಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬಂದ ದಾರಿಯಲ್ಲೇ ಹೋದಳು.

ಮಧ್ಯಾಹ್ನ ದಾಸೋಹದಲ್ಲಿ ಪಂಕ್ತಿ ಕೂತಿತು. ಕಂಬದ ಪಕ್ಕ ಒಬ್ಬರು ಕೂರುವಷ್ಟು ಜಾಗ ಖಾಲಿ ಉಳಿಯಿತು.

"ಫಕೀರವ್ವ ಉಂಡಳೇನು?" ಅಂತ ಕೇಳಿದರು ಅಜ್ಜಾರು.

"ಬಂದಿಲ್ರಿ," ಅಂದ ಬಡಿಸುವವ.

ಅಜ್ಜಾರು ರೊಟ್ಟಿ ಮುಟ್ಟದೆ ಒಂದು ವಾಟಗ ಮಜ್ಜಿಗೆ ಕುಡಿದು ಎದ್ದರು.

ಮರುದಿನವೂ ಹುಡುಗರು ತೊಳೆದರು. ಮರುದಿನವೂ ಕಂಬದ ಪಕ್ಕ ಖಾಲಿ.

"ಫಕೀರವ್ವ ಉಂಡಳೇನು?"

"ಇಲ್ರಿ."

ಮತ್ತೆ ಮಜ್ಜಿಗೆ. ದಾಕ್ಷಾಯಣಿ ಊಟ ಅರ್ಧಕ್ಕೇ ಬಿಟ್ಟು ಎದ್ದಳು. ತಾಟಿಗೆ ಎರಡು ರೊಟ್ಟಿ, ಝುಣಕ, ಪಲ್ಯ ಹಾಕಿಸಿಕೊಂಡು ಫಕೀರವ್ವನ ಗುಡಿಸಲಿಗೆ ಹೋದಳು.

ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಒಂದು ಬೊಗಸೆ ಚುರುಮರಿ, ತಂಬಿಗೆ ನೀರು.

"ಆಯಿ, ಉಣ್ಣು."

"ಒಯ್ಯವ್ವ ತಂಗಿ. ಮಠದ ರೊಟ್ಟಿ ಅದು."

"ನಿನಗೇ ತಂದೀನಿ."

"ಇವತ್ತು ನಾ ಮಠಕ್ಕ ಏನು ಮಾಡೀನಿ? ಮೂವತ್ತು ವರ್ಷ ಆತು, ಗುಡಿಸಿ ಉಂಡೀನಿ. ಕೈ ಕೆಸರಾಗಲಾರದ ಬಾಯಿಗೆ ಮೊಸರು ಹೆಂಗ ಇಳದೀತು?"

"ನಿನಗ ವಯಸ್ಸಾಗೇತಿ ಆಯಿ!"

"ಹಸಿವಿಗೂ ಆಗೇತಿ. ಒಂದ ಬೊಗಸಿ ಸಾಕು ಅದಕ್ಕ."

ದಾಕ್ಷಾಯಣಿ ತಾಟು ಹಿಡಿದುಕೊಂಡೇ ಓಡಿದಳು. ಅಜ್ಜಾರು ಕೊಡ ಹೊತ್ತು ಬರುತ್ತಿದ್ದರು, ಒಂದು ಕೈ ಗೋಡೆ ಹಿಡಿದಿತ್ತು. ಅವಳು ಅವರ ಜೊತೆಯೇ ಪಾವಟಿಗೆ ಹತ್ತುತ್ತ ಮಾತಾಡಿದಳು.

"ಅಜ್ಜಾರ, ನೀವು ಅಪ್ಪಣಿ ಮಾಡ್ರಿ. ನೀವು ಹೇಳಿದ್ರ ಆಕಿ ಉಣ್ತಾಳ."

"ಹಸಿವು ಆಕೀದು. ನಾ ಹೆಂಗ ಅಪ್ಪಣಿ ಮಾಡ್ಲಿ?"

"ಹಂಗಾದ್ರ ನಾವು ತೊಳದದ್ದು ತಪ್ಪೇನ್ರಿ?"

"ನಾ ಅಂದನೇನು?"

"ಹಂಗಾದ್ರ ಸರಿ ಏನ್ರಿ?"

"ಹಂಗೂ ನಾ ಅನ್ಲಿಲ್ಲ."

"ಮತ್ತ?"

"ಆಕಿ ಉಂಡಳೇನು?"

"ಇಲ್ರಿ!"

"ಹೂಂ," ಅಂದು ಅಜ್ಜಾರು ಅಡಿಗೆಮನೆಗೆ ಹೋದರು.

ದಾಕ್ಷಾಯಣಿಗೆ ತಲೆ ಚಿಟ್ಟೆಂದಿತು. ಕಷ್ಟಪಟ್ಟದ್ದು ನಾವು, ಒಂದು ಮಾತು ಬೈಯಲಿಲ್ಲ, ಬರೀ ಒಳ್ಳೆಯದು ಮಾಡಿದ್ದೇವೆ. ಹಾಗಿದ್ದಮೇಲೆ ಒಬ್ಬ ಮುದುಕಿ ಯಾಕೆ ಉಪವಾಸ ಕೂತಿದ್ದಾಳೆ? ಆ ರಾತ್ರಿ ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಕಡೆಗೆ ಒಂದು ಉಪಾಯ ಹೊಳೆಯಿತು. ಜಾಣರಿಗೆ ಉಪಾಯ ಹೊಳೆಯಿತು ಅಂದರೆ ಹೆದರಬೇಕು ನೋಡಿ.

ನಾಲ್ಕನೇ ದಿನ ಅವಳು ಯಾರಿಗೂ ತೊಳೆಯಲು ಬಿಡಲಿಲ್ಲ. ಅಂಗಳದ ಬೇವಿನ ಮರದ ಕೆಳಗಿನ ಎಲೆಗಳನ್ನು ಚೀಲ ತುಂಬಿ ತಂದು, ಮೂವತ್ತೆರಡು ಪಾವಟಿಗೆಯ ಮೇಲೂ ಉದುರಿಸಿದಳು. ಆಮೇಲೆ ಗುಡಿಸಲಿಗೆ ಹೋಗಿ ಕರೆದಳು.

"ಆಯಿ, ಬಾ. ಪಾವಟಿಗಿ ಮ್ಯಾಲೆ ಭಾಳ ಕಸ ಬಿದ್ದೈತಿ."

ಫಕೀರವ್ವ ಬಂದಳು. ನಿಂತು ನೋಡಿದಳು. ಬಗ್ಗಿ ಒಂದು ಎಲೆ ಎತ್ತಿದಳು.

"ಬೇವಿನ ಗಿಡ ಅಂಗಳದಾಗೈತಿ. ಗಾಳಿ ಹೊಳಿ ಕಡಿಂದ ಬೀಸಾಕತ್ತೈತಿ."

ದಾಕ್ಷಾಯಣಿ ತಲೆ ತಗ್ಗಿಸಿದಳು.

"ಒಂದೊಂದು ಪಾವಟಿಗಿಗೂ ಒಂದೊಂದು ಹಿಡಿ, ಹದಾ ಹಾಕಿದಿ. ಬಡಸಿದಂಗ ಐತಿ." ಮುದುಕಿ ಆ ಎಲೆಯನ್ನು ದಾಕ್ಷಾಯಣಿಯ ಕೈಗಿಟ್ಟಳು. "ತಂಗಿ, ನಾ ಕೂಸಲ್ಲ. ನನಗ ಆಟಿಗಿ ಕೊಡಬ್ಯಾಡ."

ಅಷ್ಟೇ. ಹೋಗಿಬಿಟ್ಟಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು ದಾಕ್ಷಾಯಣಿಯ ಕಥೆ. ಅಷ್ಟೂ ಎಲೆಯನ್ನು ಅವಳೇ ಆರಿಸಬೇಕಾಯಿತು, ಒಬ್ಬಳೇ, ಅಳುತ್ತ.

ಮಧ್ಯಾಹ್ನ ಕಂಬದ ಪಕ್ಕ ಖಾಲಿ. ಅಜ್ಜಾರು ಮಜ್ಜಿಗೆ ಕುಡಿದು ಎದ್ದರು.

ದಾಕ್ಷಾಯಣಿ ಅವರ ಹಿಂದೆಯೇ ಹೋದಳು.

"ಅಜ್ಜಾರ, ತಿಳೀವಲ್ದು. ಮಾಡಿದ್ರೂ ತಪ್ಪು, ಬಿಟ್ರೂ ತಪ್ಪು, ತಿರುಗಿ ಕೊಟ್ರೂ ತಪ್ಪು. ಏನ್ ಮಾಡ್ಲಿ ಹೇಳ್ರಿ."

ಅಜ್ಜಾರು ಅವಳ ಮುಖ ನೋಡಿದರು.

"ಭಾಳ ದಣದಿ ನೀ."

"ಹೌದ್ರಿ."

"ನಾಳೆ ನೋಡೂಣು."

ಐದನೇ ದಿನ ದಾಕ್ಷಾಯಣಿ ಎದ್ದು ಕೂತಳೋ ಇಲ್ಲವೋ, ಇಬ್ಬರು ಗೆಳತಿಯರು ಅವಳ ಹಾಸಿಗೆ ಕಸಿದು ಮಡಿಚಿದರು.

"ಏ, ನಾ ಮಡಚ್ತೀನಿ ಬಿಡ್ರೇ."

"ಬ್ಯಾಡ. ಅಜ್ಜಾರು ಹೇಳ್ಯಾರ."

ಅವಳ ಬಟ್ಟೆಯನ್ನು ಯಾರೋ ಒಗೆದು ಹಾಕಿದ್ದರು. ತಲೆ ಬಾಚಲು ಹಣಿಗೆ ಹಿಡಿದರೆ ಅದನ್ನೂ ಕಸಿದುಕೊಂಡು ಒಬ್ಬಳು ಜಡೆ ಹಾಕಿದಳು, ಬಿಗಿಯಾಗಿ, ಕಣ್ಣು ಮೇಲೇರುವಷ್ಟು. ಸಲಿಕೆ ಮುಟ್ಟಿದರೆ ಹುಡುಗರು ಬಂದು ಕೈಯಿಂದ ಬಿಡಿಸಿಕೊಂಡರು.

ಅಜ್ಜಾರು ಅವಳನ್ನು ಕಟ್ಟೆಯ ಮೇಲೆ ಕೂರಿಸಿದರು. ನೆರಳಿತ್ತು. ಚಾಪೆಯೂ ಇತ್ತು.

"ಕೂಡವ್ವ. ಆರಾಮ ಕೂಡು. ಎಲ್ಲಾ ಇವರ ಮಾಡ್ತಾರ."

ಅವಳು ಕೂತಳು. ಎದುರಿಗೆ ಗೆಳೆಯರು ಮಠದ ಹಿತ್ತಲಲ್ಲಿ ಗಿಡಕ್ಕೆ ಗುಂಡಿ ತೋಡುತ್ತಿದ್ದರು. ಒಬ್ಬ ಗುಂಡಿಯನ್ನು ಸೊಟ್ಟ ತೋಡುತ್ತಿದ್ದ. ಅವಳು ಎದ್ದಳು.

"ಕೂಡು," ಅಂದರು ಅಜ್ಜಾರು.

ಕೂತಳು. ಗೆಳೆಯರು ಏನೋ ಹೇಳಿಕೊಂಡು ನಕ್ಕರು, ಏನು ಅಂತ ಅವಳಿಗೆ ಕೇಳಿಸಲಿಲ್ಲ. ಕೈಗಳನ್ನು ಎಲ್ಲಿಡಬೇಕು ಅಂತಲೇ ತಿಳಿಯಲಿಲ್ಲ. ತೊಡೆಯ ಮೇಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಹೊತ್ತು ಹೋಗಲೇ ಒಲ್ಲದು.

ಮಧ್ಯಾಹ್ನ ಪಂಕ್ತಿ ಕೂತಿತು. ಎಲ್ಲರ ಕಾಲಿಗೂ ಮಣ್ಣು, ಎಲ್ಲರಿಗೂ ಹಸಿವು. ದಾಕ್ಷಾಯಣಿಯ ತಾಟಿಗೆ ಮೊದಲು ಬಡಿಸಿದರು. ಬಿಸಿ ರೊಟ್ಟಿ, ಮೇಲೆ ಬೆಣ್ಣೆ.

ಅವಳು ತುತ್ತು ಮುರಿದಳು. ಬಾಯಿಗೆ ಒಯ್ದಳು. ಇಳಿಸಿದಳು.

"ಅಜ್ಜಾರ, ನಾ ಏನ್ ತಪ್ಪು ಮಾಡೀನಂತ ಈ ಶಿಕ್ಷಾ?"

"ಶಿಕ್ಷಾ?" ಅಜ್ಜಾರಿಗೆ ನಿಜಕ್ಕೂ ಆಶ್ಚರ್ಯವಾದಂತಿತ್ತು. "ಯಾರೂ ಶಿಕ್ಷಾ ಕೊಟ್ಟಿಲ್ಲವ್ವ. ಮುಂಜಾನಿಂದ ಎಲ್ಲಾರೂ ನಿನ್ನ ಸೇವಾ ಮಾಡ್ಯಾರ."

ಅವರು ತಾಟನ್ನು ಅವಳ ಹತ್ತಿರ ಸರಿಸಿದರು.

"ಯಾಕ, ಉಣವಲ್ಲಿ?"

"ಇಳೀವಲ್ದ್ರಿ."

"ಬಿಸಿ ಐತಲ್ಲ."

"ಇಳೀವಲ್ದ್ರಿ ಅಜ್ಜಾರ!"

ದಾಕ್ಷಾಯಣಿ ತಾಟು ಬಿಟ್ಟು ಎದ್ದಳು. ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದೆ ಹೊಳೆಯ ಕಡೆ ಓಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ಇಪ್ಪತ್ತೊಂಬತ್ತು ಪಾವಟಿಗೆ ಧಡಧಡ ಇಳಿದಳು. ಮೂವತ್ತನೆಯದಕ್ಕೆ ಕಾಲಿಟ್ಟದ್ದಷ್ಟೇ, ಸರ್ರನೆ ಜಾರಿ ನೀರಿನ ಅಂಚಿಗೆ ಹೋಗಿ ಬಿದ್ದಳು.

ಮೊಣಕಾಲು ತರಚಿ ರಕ್ತ ಬಂತು. ಏಳಲು ಹೋದರೆ ಕೈಯೂ ಜಾರಿತು. ಮುಟ್ಟಿ ನೋಡಿದಳು. ಕಲ್ಲಿನ ಮೇಲೆ ಹಸಿರು ಪಾಚಿ, ಲೋಳೆ ಲೋಳೆ. ಕೆಳಗಿನ ಮೂರು ಪಾವಟಿಗೆಗೂ ಅದೇ ಪಾಚಿ.

ರಕ್ತ ತೊಳೆದುಕೊಂಡು ಏಳುವ ಹೊತ್ತಿಗೆ ಬಿಸಿಲು ಇಳಿದಿತ್ತು, ತಾನು ಬಳಿದು ಚೆಲ್ಲಿದ ಉಸುಕು ನೆನಪಾಗಿತ್ತು.

ಆಮೇಲೆ ಕುಂಟುತ್ತ ಗುಡಿಸಲಿಗೆ ಹೋದಳು. ಈ ಸಲ ಕೈಯಲ್ಲಿ ತಾಟಿರಲಿಲ್ಲ.

"ಆಯಿ, ಒಂದು ಮಾತು ಕೇಳ್ಲಿ?"

ಫಕೀರವ್ವ ಮುಖ ಆ ಕಡೆ ಮಾಡಿ ಮಲಗಿದ್ದಳು.

"ಕೆಳಗಿನ ಮೂರು ಪಾವಟಿಗಿ ಮ್ಯಾಲೆ ಉಸುಕು ಯಾಕ ಇರ್ತಿತ್ತು?"

ಮುದುಕಿ ಈ ಕಡೆ ಹೊರಳಿದಳು.

"ತೊಳದೀರೇನು ಅದನ್ನ?"

"ನಾನ ತೊಳದೆ."

"ಮ್ಯಾಲಿನ ಪಾವಟಿಗಿ ತೊಳದ್ರಿ, ಅಷ್ಟ ಅಂತ ತಿಳಿದಿದ್ದೆ." ಅವಳು ಎದ್ದು ಕೂತಳು. ಹುಡುಗಿಯ ಮೊಣಕಾಲು ಕಂಡಿತು. "ಜಾರಿದಿ?"

"ಜಾರಿದೆ."

"ಅಯ್ಯ ನಿನ್ನ! ಹೊಳಿ ನೀರು ತಾಕೂ ಕಲ್ಲಿಗೆ ಎಷ್ಟು ತಿಕ್ಕಿದ್ರೂ ಎರಡ ದಿನದಾಗ ಪಾಚಿ ಹತ್ತತೈತಿ. ಮ್ಯಾಲಿಂದ ಗುಡಿಸಿದ ಉಸುಕೆಲ್ಲಾ ಅಲ್ಲಿ ತಂದು ಹಾಕ್ತೀನಿ, ಕಾಲು ನಿಲ್ಲಲಿ ಅಂತ. ಮೂವತ್ತು ವರ್ಷದಾಗ ಒಂದು ಕೊಡಾ ಒಡದಿಲ್ಲ ಅಲ್ಲಿ!"

"ನಮಗ ಗೊತ್ತಿರಲಿಲ್ಲ ಆಯಿ."

"ಕೇಳೀರೇನು?"

ದಾಕ್ಷಾಯಣಿ ಮೂಲೆಯಲ್ಲಿದ್ದ ಕಸಬರಿಗೆಯನ್ನು ಎತ್ತಿಕೊಂಡಳು.

ಫಕೀರವ್ವನ ಮುಖ ಒಮ್ಮೆಲೇ ಬಿಳಿಚಿತು. "ಅಜ್ಜಾರು! ಅಜ್ಜಾರು ದಿನಾ ಕೊಡಾ ಹೊತ್ತು ಅಲ್ಲೇ ಹತ್ತಿ ಇಳೀತಾರ. ಆ ವಯಸ್ಸಿನಾಗ ಬಿದ್ರ ಎದ್ದಾರೇನು? ಸಂಜಿ ಕೊಡದ ಹೊತ್ತಾತು. ನನ್ನ ಕಸಬರಿಗಿ ಎಲ್ಲೈತಿ?"

"ಇಲ್ಲೈತಿ ಆಯಿ."

"ಇಲ್ಲೈತಿ ಅಂತ ಹಿಡಕೊಂಡು ನಿಂತ್ರ? ಕೊಡ ಇಲ್ಲೆ! ಆ ನಿನ್ನ ದಂಡು ಎಲ್ಲೈತಿ? ಕರಿ ಎಲ್ಲಾರ್ನೂ. ಒಣಾ ಉಸುಕು ತರಾಕ ಹೇಳು. ಹಸೀದು ತಂದ್ರಂದ್ರ ನೋಡು ಮತ್ತ!"

ಇಪ್ಪತ್ತೆರಡು ಜನ ಓಡಿದರು. ಮುದುಕಿ ಪಾವಟಿಗೆಯ ನಡುವೆ ನಿಂತು ಕಸಬರಿಗೆ ತೋರಿಸಿ ಹುಕುಂ ಮಾಡಿದಳು. ದಪ್ಪ ಉಸುಕು ತಂದವನಿಗೆ ಬೈದಳು. ಬುಟ್ಟಿ ಒಮ್ಮೆಲೇ ಸುರಿದವಳಿಗೆ ಮಂಗ್ಯಾ ಅಂದಳು. ದಾಕ್ಷಾಯಣಿಯ ಕೈ ಹಿಡಿದು, ಬೆರಳ ಸಂದಿಯಿಂದ ಉಸುಕು ಹೆಂಗೆ ಉದುರಿಸಬೇಕು ಅಂತ ಕಲಿಸಿದಳು.

"ಹಪ್ಪಳಕ್ಕ ಹಿಟ್ಟು ಉದರಿಸಿದಂಗ. ತೆಳ್ಳಗ. ಹಾಂ, ಹಂಗ. ನಾಲ್ಕು ಸಲ ಮಾಡಿದ್ರ ಬರತೈತಿ ನಿನಗ."

ದಾಕ್ಷಾಯಣಿಗೆ ಕಾಲೇಜಿನಲ್ಲಿ ಯಾವ ಬಹುಮಾನ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಅಜ್ಜಾರು ಕೊಡ ಹಿಡಿದು ಬಂದರು. ಕೆಳಗಿನ ಮೂರು ಪಾವಟಿಗೆಯ ಮೇಲೆ ಒಂದೊಂದೇ ಕಾಲಿಟ್ಟು ನೋಡಿದರು. ಗೋಡೆ ಹಿಡಿಯಲಿಲ್ಲ.

ಆ ಸಂಜೆ ಕಂಬದ ಪಕ್ಕ ಫಕೀರವ್ವ ಬಂದು ಕೂತಳು. ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದಳು. ಪಲ್ಯಕ್ಕೆ ಉಪ್ಪು ಕಮ್ಮಿ ಅಂತ ಬಡಿಸುವವನಿಗೆ ಬೈದಳು. ದಾಕ್ಷಾಯಣಿ ಅದನ್ನು ನೋಡುತ್ತ ತಾನೂ ಉಂಡಳು, ಕಣ್ಣೊರೆಸಿಕೊಳ್ಳುತ್ತ, ಮೂಗೊರೆಸಿಕೊಳ್ಳುತ್ತ. ಅಜ್ಜಾರು ಅವತ್ತು ಮಜ್ಜಿಗೆಯಲ್ಲಿ ನಿಲ್ಲಿಸಲಿಲ್ಲ.

ಕಥೆ ಇಲ್ಲಿಗೆ ಮುಗಿದರೆ ಚೆಂದಿತ್ತು. ಆದರೆ ದಾಕ್ಷಾಯಣಿಯ ಗೊಂದಲ ಮುಗಿದಿರಲಿಲ್ಲ.

ಏಳನೇ ದಿನ, ಬಸ್ಸು ಬರುವ ಮೊದಲು, ಅವಳು ಕಟ್ಟೆಯ ಹತ್ತಿರ ಹೋಗಿ ನಿಂತಳು.

"ಅಜ್ಜಾರ, ಒಂದು ಹೇಳಿಬಿಡ್ರಿ. ನಾಳೆ ದಾರ್‍ಯಾಗ ಯಾರರೆ ಕಷ್ಟಪಡೂದು ಕಂಡ್ರ, ನಾ ಕೈ ಹಾಕಬೇಕೋ ಬ್ಯಾಡೋ?"

"ಬಸ್ಸು ಎಷ್ಟೊತ್ತಿಗೆ?"

"ಅರ್ಧ ತಾಸು ಐತ್ರಿ. ಕೈ ಹಾಕಿದ್ರ ಅವರ ಕೆಲಸಾ ಕಸಗೊಂಡಂಗ ಆಗತೈತಿ. ಹಾಕದಿದ್ರ ನಾ ಕಲ್ಲಾದಂಗ. ಯಾವುದು ಸರಿ?"

"ಅರ್ಧ ತಾಸು ಐತಿ ಅಂದ್ರ ಒಂದು ಕೊಡಾ ಆಗತೈತಿ," ಅಂದು ಅಜ್ಜಾರು ಕೊಡ ಎತ್ತಿಕೊಂಡು ಹೊಳೆಗೆ ಇಳಿದರು.

ದಾಕ್ಷಾಯಣಿ ಮೇಲಿನ ಪಾವಟಿಗೆಯ ಮೇಲೆ ಕೂತಳು. ಕೆಳಗೆ ಫಕೀರವ್ವ ಗುಡಿಸುತ್ತಿದ್ದಳು. ನಡು ಬಾಗಿತ್ತು, ಎರಡು ಪಾವಟಿಗೆಗೊಮ್ಮೆ ಕೂರುತ್ತಿದ್ದಳು. ದಾಕ್ಷಾಯಣಿಯ ಕೈ ಚಡಪಡಿಸಿತು. ಅವಳು ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

ಅಜ್ಜಾರು ತುಂಬಿದ ಕೊಡ ಹೊತ್ತು ಹತ್ತತೊಡಗಿದರು. ಹತ್ತು ಪಾವಟಿಗೆ ಹತ್ತಿ ನಿಂತರು. ಉಸಿರು ಬಿಟ್ಟರು. ಹೆಗಲು ಬದಲಿಸಿದರು. ಮತ್ತೆ ಐದು. ಮತ್ತೆ ನಿಂತರು.

ದಿನಾ ಹೀಗೆ ನಿಲ್ಲುತ್ತಿದ್ದರೇ? ಅವಳಿಗೆ ನೆನಪಾಗಲಿಲ್ಲ. ಅವಳು ನೋಡಿರಲೇ ಇಲ್ಲ.

ಎದ್ದಳು. ಅವರು ನಿಂತಲ್ಲಿಗೆ ಇಳಿದಳು. ಕೈ ಮುಂದೆ ಹೋಯಿತು, ನಡುವೆಯೇ ನಿಂತಿತು. ವ್ರತ ಇರಬಹುದು. ಇರಲಿಕ್ಕಿಲ್ಲ. ಹಿಡಿದರೆ ತಪ್ಪಾದರೆ? ಹಿಡಿಯದಿದ್ದರೆ? ಕೈ ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಗಾಳಿಯಲ್ಲೇ ಉಳಿಯಿತು.

ಅಜ್ಜಾರು ಆ ಕೈಯನ್ನೇ ನೋಡುತ್ತ ನಿಂತರು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಅಜ್ಜಾರ," ಅಂದಳು ದಾಕ್ಷಾಯಣಿ. ದನಿ ಸಣ್ಣಗಿತ್ತು. "ಹಿಡೀಲೇನ್ರಿ?"

"ಏಳು ದಿನ ನಿಮ್ಮೆಲ್ಲಾರ ಮುಂದ ಹೊತ್ತೀನಿ, ಇವತ್ತು ಕೇಳಿದಿ. ಹಿಡಿಯವ್ವ, ಭಾಳ ಭಾರ ಆಗೇತಿ."